ಕಳ್ಳಿಗಿಡದ ಸಾಕ್ಷಿ

(ಹೊನವಾಡದಲ್ಲಿ ನಡೆದ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ತಾಯಂದಿರೇ, ಗೆಳತಿಯರೇ, ಹಿಂದೆ ಬಾಗಿಲ ಹತ್ತಿರ ನಿಂತೇ ಕೇಳುತ್ತಿರುವ ಹುಡುಗಿಯರೇ,

ವರದಕ್ಷಿಣೆ ಸಾವಿನ ಬಗ್ಗೆ ಮಾತಾಡಲು ಕರೆದ ಸಭೆಯಲ್ಲಿ ಸಿನಿಮಾದ ವಿಷಯ ಯಾಕೆ ಬಾಯಾರ ಎಂದು ಇಲ್ಲಿನ ಕಾರ್ಯಕರ್ತೆಯರು ನನ್ನನ್ನು ಕೇಳಿದರು. ಕೇಳಿದ್ದು ಸರಿಯೇ. ದ್ರಾಕ್ಷಿ ತೋಟದ ಕೆಲಸ ಬಿಟ್ಟು, ಅರ್ಧ ದಿನದ ಕೂಲಿ ಬಿಟ್ಟು ಬಂದವರು ಇಲ್ಲಿದ್ದೀರಿ. ನಿಮ್ಮ ಹೊತ್ತನ್ನು ಹಾಳು ಮಾಡುವ ಹಕ್ಕು ನನಗಿಲ್ಲ. ಆದರೆ ನಮ್ಮ ಹುಡುಗಿಯರ ಕೈಯಲ್ಲಿ ಈಗ ಫೋನ್ ಇದೆ. ಆ ಫೋನಿನೊಳಗೆ ಗೋಡೆ ಒಡೆಯುವ, ಹತ್ತು ಗಂಡಸರನ್ನು ಎತ್ತಿ ಒಗೆಯುವ, ಗುಂಡಿಗೆ ಎದೆಯೊಡ್ಡುವ ಹೆಣ್ಣುಗಳಿದ್ದಾರೆ. ಸೂಪರ್ ಹೀರೋಯಿನ್ ಎನ್ನುತ್ತಾರೆ. ಅವರನ್ನು ಕಂಡು ನಮ್ಮ ಮಕ್ಕಳು ಹಿಗ್ಗುತ್ತಾರೆ, ಅವರಿಗಾಗಿ ಜಗಳ ಕಾಯುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಕತೆಯ ಬಗ್ಗೆ ಯಾರಾದರೂ ಜಗಳವಾಡಿದರೆ ನನ್ನ ಕಿವಿ ನಿಲ್ಲುವುದಿಲ್ಲ. ಆ ಜಗಳಗಳೊಳಗೆ ನಮ್ಮ ಈ ಸಭೆಯ ವಿಷಯ ಇದೆ. ಅದು ಹೇಗೆ ಬೆರಳ ಸಂದಿಯಿಂದ ಜಾರಿಹೋಗುತ್ತದೆ ಎಂಬುದೂ ಇದೆ.

ಮೊದಲು ನಮ್ಮ ನಾಡಿನಲ್ಲೇ ಎದ್ದ ಗದ್ದಲ. 2025ರ ಆಗಸ್ಟ್ 28ರಂದು ಮಲಯಾಳದ ‘ಲೋಕಃ ಚಾಪ್ಟರ್ 1: ಚಂದ್ರ’ ಎಂಬ ಚಿತ್ರ ಬಿಡುಗಡೆಯಾಯಿತು. ಡೊಮಿನಿಕ್ ಅರುಣ್ ನಿರ್ದೇಶಕರು, ನಟ ದುಲ್ಕರ್ ಸಲ್ಮಾನ್ ಅವರ ವೇಫೇರರ್ ಸಂಸ್ಥೆಯ ನಿರ್ಮಾಣ, ನಾಯಕಿ ಕಲ್ಯಾಣಿ ಪ್ರಿಯದರ್ಶನ್. ಬರವಣಿಗೆಯಲ್ಲಿ ಶಾಂತಿ ಬಾಲಚಂದ್ರನ್ ಎಂಬ ಹೆಣ್ಣುಮಗಳ ಕೈಯೂ ಇದೆ. ದೊಡ್ಡ ನಟನ ಹೆಸರಿಲ್ಲದೆ, ಹೆಣ್ಣೊಬ್ಬಳ ಹೆಗಲ ಮೇಲೆ ನಿಂತ ಆ ಚಿತ್ರ ಕೋಟಿ ಕೋಟಿ ಗಳಿಸಿತು. ಕತೆ ನಡೆಯುವುದು ಬೆಂಗಳೂರಿನಲ್ಲಿ. ಅದರಲ್ಲೊಬ್ಬ ಪೊಲೀಸ್ ಅಧಿಕಾರಿ ಇದ್ದಾನೆ, ಅವನೇ ಖಳ. ತನ್ನ ಮದುವೆಯ ಮಾತು ಬಂದಾಗ ಅವನು ಬೆಂಗಳೂರಿನ ಹುಡುಗಿಯರ ನಡತೆಯ ಬಗ್ಗೆ ಹೀನಾಯವಾಗಿ ಒಂದು ಮಾತಾಡುತ್ತಾನೆ. ಕನ್ನಡಿಗರು ಸಿಟ್ಟಾದರು. ವಾರ ತುಂಬುವುದರೊಳಗೆ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಮಾತನ್ನು ತೆಗೆಯುವುದಾಗಿ ಹೇಳಿತು.

ನಮ್ಮ ಮನೆಯಲ್ಲೇ ಎರಡು ಪಕ್ಷವಾಯಿತು. ನನ್ನ ತಮ್ಮನ ಮಗ, ‘ನಮ್ಮ ಊರಿನ ಮರ್ಯಾದೆ ತೆಗೆದರು’ ಎಂದ. ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಮೊಮ್ಮಗಳು, ‘ಮಾಮಾ, ಅವ ಖಳ ಅದಾನ, ಖಳ ಮತ್ತೇನ್ ಮಾತಾಡತಾನ? ಹಂಗ ಮಾತಾಡೋರನ್ನ ನಾ ದಿನಾ ನೋಡತೀನಿ’ ಎಂದಳು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಮಾತು ತೆಗೆದರೆ ನಷ್ಟವೇನಿಲ್ಲ. ಆದರೆ ಸಿಟ್ಟು ಬಂದದ್ದು ‘ಬೆಂಗಳೂರು’ ಎಂಬ ಶಬ್ದಕ್ಕೆ. ‘ನಡತೆ’ ಎಂಬ ಶಬ್ದಕ್ಕೆ ಅಲ್ಲ. ಅದೇ ಖಳ ಊರಿನ ಹೆಸರು ಹೇಳದೆ, ಬರೀ ‘ನೌಕರಿಗೆ ಹೋಗೋ ಹುಡುಗಿಯರ ಕ್ಯಾರೆಕ್ಟರ್ ಸರಿ ಇರೂದಿಲ್ಲ’ ಎಂದಿದ್ದರೆ ಒಂದು ಹೇಳಿಕೆಯಾದರೂ ಹೊರಡುತ್ತಿತ್ತೇ? ಆ ಮಾತನ್ನು ನಾವು ಹೆಣ್ಣು ನೋಡುವ ಶಾಸ್ತ್ರದಲ್ಲಿ, ಚಹಾ ಅವಲಕ್ಕಿ ತಿನ್ನುತ್ತ ಆಡುತ್ತೇವೆ. ಸುಟ್ಟುಕೊಂಡು ಸತ್ತವಳ ಬಗ್ಗೆ ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಆಡುವುದೂ ಅದೇ ಮಾತು.

ಈ ಚಿತ್ರದ ನಾಯಕಿ ಯಾರು, ಎಲ್ಲಿಂದ ಬಂದವಳು ಎಂಬುದು ನನ್ನ ಮುಖ್ಯ ಮಾತು. ಅದಕ್ಕೆ ಸ್ವಲ್ಪ ತಡೆದು ಬರುತ್ತೇನೆ. ಅದಕ್ಕೆ ಮುಂಚೆ ಇಂಥ ನಾಯಕಿಯರೆಲ್ಲರ ಹಿರಿಯಕ್ಕನನ್ನು ಮಾತಾಡಿಸಿಕೊಂಡು ಬರೋಣ.

ಅವಳ ಹೆಸರು ವಂಡರ್ ವುಮನ್. ಅಮೆರಿಕದ ಚಿತ್ರಕತೆಯ ಪುಸ್ತಕದಲ್ಲಿ 1941ರಲ್ಲಿ ಹುಟ್ಟಿದವಳು. ಬರೆದವನು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ, ಚಿತ್ರ ತೆಗೆದವನು ಪೀಟರ್. ಮಾರ್ಸ್ಟನ್ ಹೆಣ್ಣು ಜಗತ್ತನ್ನು ಆಳಬೇಕು ಎಂದು ಹೇಳುತ್ತಿದ್ದ. ಹಾಗೆ ಹೇಳಿದವನ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಹೆಂಡತಿ ಎಲಿಜಬೆತ್ ಹೊರಗೆ ದುಡಿದು ತರುತ್ತಿದ್ದಳು. ಆಲಿವ್ ಬರ್ನ್ ಎಂಬ ಇನ್ನೊಬ್ಬಳು ಇಬ್ಬರ ಮಕ್ಕಳನ್ನೂ ಸಾಕುತ್ತಿದ್ದಳು. (ಹೆಣ್ಣಿನ ಆಳ್ವಿಕೆಯನ್ನು ಸಾರುವ ಗಂಡಸರ ಮನೆಯೊಳಗೆ ಒಂದು ಸಲ ಇಣುಕಿ ನೋಡುವುದು ಒಳ್ಳೆಯದು.) ಆಲಿವ್ ಕೈಯಲ್ಲಿ ಯಾವಾಗಲೂ ಅಗಲವಾದ ಕಡಗಗಳಿದ್ದವಂತೆ. ಅವೇ ವಂಡರ್ ವುಮನ್‌ಳ ಕೈಗೆ ಬಂದವು.

ಆ ಕಡಗದ ಕತೆ ಕೇಳಿ. ಗಂಡಸರಿಲ್ಲದ ದ್ವೀಪದಲ್ಲಿ ಅಮೆಜಾನ್ ಎಂಬ ವೀರ ಹೆಂಗಸರಿದ್ದಾರೆ. ಒಂದು ಕಾಲದಲ್ಲಿ ಹರ್ಕ್ಯುಲಿಸ್ ಅವರನ್ನು ಮೋಸದಿಂದ ಗೆದ್ದು ಬೇಡಿ ತೊಡಿಸಿದ್ದ. ಬಿಡಿಸಿಕೊಂಡ ಮೇಲೆ ಅವರು ಕಡಗ ತೊಟ್ಟರು, ಮತ್ತೆ ಗಂಡಸಿನ ಕೈಗೆ ಸಿಕ್ಕಬಾರದು ಎಂಬ ನೆನಪಿಗೆ. ಆ ಕಡಗದಿಂದ ಅವಳು ಗುಂಡನ್ನು ತಡೆಯುತ್ತಾಳೆ. ಆದರೆ ಅದೇ ಕಡಗಗಳಿಗೆ ಗಂಡಸೊಬ್ಬ ಸರಪಳಿ ಬೆಸೆದನೆಂದರೆ ಅವಳ ಬಲ ಹೋಗುತ್ತದೆ. ನಮ್ಮ ಕಡೆ ಹೇಡಿ ಗಂಡಸನ್ನು ಹೀಯಾಳಿಸುವಾಗ ‘ಕೈಗೆ ಬಳಿ ತೊಟ್ಕೊಂಡೀಯೇನು’ ಎನ್ನುತ್ತೇವೆ. ಬಳೆ ಎಂದರೆ ನಮ್ಮಲ್ಲಿ ಬಲಹೀನತೆ. ಅದೇ ಬಳೆ ಬಂಗಾರದ್ದಾದರೆ ತವರು ಎಷ್ಟು ತೊಲೆ ಕೊಟ್ಟಿತು ಎಂಬ ಲೆಕ್ಕ. ಆ ಪುಸ್ತಕದಲ್ಲಿ ಬಳೆ ನೆನಪು, ಗುರಾಣಿ, ಅಪಾಯ ಮೂರೂ ಆಗಿದೆ. ಹೆಂಗಸಿನ ಕೈಬಳೆಯ ಬಗ್ಗೆ ಇಷ್ಟು ಸರಿಯಾಗಿ ಯೋಚಿಸಿದ ಕತೆಗಳು ಕಡಿಮೆ.

ಎರಡನೆಯದು ಅವಳ ಹುಟ್ಟು. ಅವಳಿಗೆ ತಂದೆಯಿಲ್ಲ. ರಾಣಿ ಹಿಪೊಲಿಟಾ ಮಣ್ಣಿನಲ್ಲಿ ಕೂಸನ್ನು ಮಾಡಿದಳು, ದೇವತೆ ಜೀವ ಕೊಟ್ಟಳು. ಇದನ್ನು ನಿಮಗೆ ವಿವರಿಸಬೇಕಾಗಿಯೇ ಇಲ್ಲ. ಆಷಾಢದ ಮಂಗಳವಾರ ನಮ್ಮ ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಾರೆ, ಗುಲಗಂಜಿ ಅಂಟಿಸಿ ಸಿಂಗರಿಸುತ್ತಾರೆ. ಪಾರ್ವತಿ ತನ್ನ ಮೈಮಣ್ಣಿನಿಂದ ಮಗನನ್ನು ಮಾಡಿಕೊಂಡಳಲ್ಲ, ಗಂಡನನ್ನು ಕೇಳಿದ್ದಳೇ?

ಮೂರನೆಯದು ಹಗ್ಗ. ಅವಳ ಸೊಂಟದಲ್ಲಿ ಬಂಗಾರದ ಹಗ್ಗವಿದೆ. ಮೊದಮೊದಲು ಅದು ಕಟ್ಟಿಸಿಕೊಂಡವರನ್ನು ಹೇಳಿದಂತೆ ಕೇಳಿಸುತ್ತಿತ್ತು. ಬರಬರುತ್ತ ಸತ್ಯ ಹೇಳಿಸುವ ಹಗ್ಗವಾಯಿತು. ಇದರ ಹಿಂದೆಯೂ ಕತೆಯಿದೆ. ಸುಳ್ಳು ಹೇಳುವಾಗ ಮನುಷ್ಯನ ರಕ್ತದೊತ್ತಡ ಏರುತ್ತದೆ, ಅದನ್ನು ಅಳೆದು ಸುಳ್ಳು ಹಿಡಿಯಬಹುದು ಎಂದು ಮಾರ್ಸ್ಟನ್ ಒಂದು ಪರೀಕ್ಷೆ ಕಂಡುಹಿಡಿದಿದ್ದ. ಸಿಟ್ಟು ಬಂದಾಗ ಒತ್ತಡ ಏರುವುದನ್ನು ಮೊದಲು ಗಮನಿಸಿದವಳು ಹೆಂಡತಿ ಎಲಿಜಬೆತ್, ಹೆಸರು ಮಾತ್ರ ಗಂಡನದು. 1923ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಫ್ರೈ ಎಂಬವನ ಕೊಲೆ ಮೊಕದ್ದಮೆಯಲ್ಲಿ ಆ ಪರೀಕ್ಷೆಯನ್ನು ಸಾಕ್ಷಿಯಾಗಿ ಒಪ್ಪಲು ನಿರಾಕರಿಸಿತು. ಕೋರ್ಟು ಬಾಗಿಲು ಹಾಕಿದ ವಿದ್ಯೆಯನ್ನು ಹದಿನೆಂಟು ವರ್ಷದ ಮೇಲೆ ಅವನು ಹೆಣ್ಣೊಬ್ಬಳ ಸೊಂಟಕ್ಕೆ ಕಟ್ಟಿದ ಎಂದು ನಾನು ಓದಿಕೊಳ್ಳುತ್ತೇನೆ. ಅವಳ ಅತಿ ದೊಡ್ಡ ಆಯುಧ ಕತ್ತಿಯಲ್ಲ. ನಿಜ ಏನಾಯಿತು ಎಂದು ಹೇಳಿಸುವುದು.

ಇಂಥವಳನ್ನು ತೆರೆಗೆ ತರುವಾಗ ಅಭಿಮಾನಿಗಳು ಯಾವುದಕ್ಕೆ ಜಗಳವಾಡಿದರು? ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಮೈಗೆ ಮತ್ತು ಬಟ್ಟೆಗೆ. 2013ರ ಕೊನೆಗೆ ಗ್ಯಾಲ್ ಗ್ಯಾಡಟ್ ಎಂಬ ನಟಿಯನ್ನು ಆರಿಸಿದಾಗ, ಇವಳು ತೆಳ್ಳಗಿದ್ದಾಳೆ, ವೀರಳಂತೆ ಇಲ್ಲ ಎಂದರು. ಚಡ್ಡಿ ಎಷ್ಟು ಗಿಡ್ಡ ಇರಬೇಕು ಎಂಬುದಕ್ಕೆ ದಶಕಗಳ ವಾದವಿದೆ. 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಈ ಕಾಗದದ ಹೆಣ್ಣನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಎಂದು ಘೋಷಿಸಿತು. ಅಲ್ಲಿನ ನೌಕರರೇ ಸಭೆಗೆ ಬೆನ್ನು ತಿರುಗಿಸಿ ನಿಂತರು. ಹತ್ತಿರ ಹತ್ತಿರ 45,000 ಜನ ಮನವಿಗೆ ಸಹಿ ಹಾಕಿದರು. ಎರಡು ತಿಂಗಳೊಳಗೆ ಆ ಪದವಿ ಮುಗಿಯಿತು. ಜೀವಂತ ಹೆಂಗಸೊಬ್ಬಳು ಸಿಕ್ಕಲಿಲ್ಲವೇ ಎಂಬ ಅವರ ಪ್ರಶ್ನೆ ನನಗೂ ಸರಿ ಅನ್ನಿಸುತ್ತದೆ. 2017ರಲ್ಲಿ ಪ್ಯಾಟಿ ಜೆಂಕಿನ್ಸ್ ಎಂಬ ಮಹಿಳೆಯ ನಿರ್ದೇಶನದಲ್ಲಿ ಚಿತ್ರ ಬಂದಾಗ, ‘ಟೈಟಾನಿಕ್’ ತೆಗೆದ ಜೇಮ್ಸ್ ಕ್ಯಾಮರೂನ್, ಇದು ಹಿಂದಕ್ಕೆ ಇಟ್ಟ ಹೆಜ್ಜೆ, ಅಂದಗಾತಿಯನ್ನು ವಸ್ತುವಾಗಿಸಿದ್ದಾರೆ ಎಂದರು. ಬಲಶಾಲಿ ಹೆಣ್ಣು ಗಟ್ಟಿಗಿತ್ತಿಯೂ ಆಗಿರಬೇಕು, ನೊಂದವಳೂ ಆಗಿರಬೇಕು ಎಂದು ಗಂಡಸರು ಯಾಕೆ ಕರಾರು ಹಾಕುತ್ತಾರೆ ಎಂಬ ಅರ್ಥದಲ್ಲಿ ಜೆಂಕಿನ್ಸ್ ಉತ್ತರ ಕೊಟ್ಟರು.

ಹೆಣ್ಣುಮಕ್ಕಳ ಚಳವಳಿ ಜಗಳವಾಡಿ ಗೆದ್ದದ್ದೂ ಇದೆ. 1968ರಲ್ಲಿ ಪುಸ್ತಕದವರು ಅವಳ ಬಲ, ಹಗ್ಗ, ಕಡಗ ಎಲ್ಲ ಕಿತ್ತುಕೊಂಡು, ಬಟ್ಟೆ ಅಂಗಡಿ ಇಟ್ಟುಕೊಂಡ ಸಾಧಾರಣ ಹೆಂಗಸನ್ನಾಗಿ ಮಾಡಿಬಿಟ್ಟಿದ್ದರು. 1972ರಲ್ಲಿ ಗ್ಲೋರಿಯಾ ಸ್ಟೈನೆಮ್ ಮತ್ತು ಗೆಳತಿಯರು ‘ಮಿಸ್’ ಪತ್ರಿಕೆಯ ಮುಖಪುಟದ ಮೇಲೆ ಹಳೆಯ ವಂಡರ್ ವುಮನ್‌ಳನ್ನೇ ನಿಲ್ಲಿಸಿದರು. ಮರುವರ್ಷ ಅವಳ ಬಲ ಮರಳಿ ಬಂತು. ನಮ್ಮಂಥ ಸಣ್ಣ ಪತ್ರಿಕೆಗಳವರಿಗೆ ಇದು ಕೇಳಲು ಹಿತವಾದ ಸುದ್ದಿ.

2020ರ ಕೊನೆಗೆ ಬಂದ ಎರಡನೆಯ ಚಿತ್ರದ ಜಗಳ ನನಗೆ ಹೆಚ್ಚು ಮುಖ್ಯ ಕಂಡಿತು. ಸತ್ತುಹೋದ ಅವಳ ಪ್ರಿಯಕರ ಅದರಲ್ಲಿ ಬೇರೆ ಯಾವನೋ ಗಂಡಸಿನ ಮೈಯಲ್ಲಿ ಮರಳಿ ಬರುತ್ತಾನೆ. ಇವಳು ಅವನೊಡನೆ ಇರುಳು ಕಳೆಯುತ್ತಾಳೆ. ಆ ಮೈಯ ಒಡೆಯನನ್ನು ಯಾರೂ ಕೇಳಲಿಲ್ಲ. ಒಪ್ಪಿಗೆ ಇಲ್ಲದ್ದು ಒಪ್ಪಿಗೆ ಇಲ್ಲದ್ದೇ ಎಂದು ಅನೇಕ ಅಭಿಮಾನಿಗಳೇ ಎದ್ದು ಹೇಳಿದರು. ಅದು ಬರೀ ಮಾಯೆಯ ಕತೆ, ಇಷ್ಟು ಯಾಕೆ ಎಳೆಯುತ್ತೀರಿ ಎಂದರು ಉಳಿದವರು. ಮದುವೆಯಾದ ಮೇಲೆ ಒಪ್ಪಿಗೆ ಏನು ಕೇಳುವುದು ಎನ್ನುವ ದೇಶದಲ್ಲಿ ಕೂತು ಇದನ್ನು ಓದಿದೆ. ಹುಡುಗಿಯರಿಗೆ ಆ ಪ್ರಶ್ನೆ ಹೊಳೆದದ್ದೇ ದೊಡ್ಡದು.

ಆದರೆ ಕಡಗ, ಮಣ್ಣು ಏನಾದವು? 2011ರಲ್ಲಿ ಪುಸ್ತಕದವರು ಅವಳಿಗೊಬ್ಬ ತಂದೆಯನ್ನು ಹುಡುಕಿಕೊಟ್ಟರು. ಅವಳು ಜ್ಯೂಸ್ ದೇವರ ಮಗಳು ಎಂದಾಯಿತು. 2017ರ ಚಿತ್ರವೂ ಅದನ್ನೇ ಹಿಡಿಯಿತು. ತಾಯಿ ಮಣ್ಣಿನ ಕತೆ ಹೇಳಿ ಬೆಳೆಸುತ್ತಾಳೆ, ಕೊನೆಗೆ ಅದು ಮಗುವಿಗೆ ಹೇಳಿದ ಸುಳ್ಳು ಎಂದು ಗೊತ್ತಾಗುತ್ತದೆ, ಬಲ ಅಪ್ಪನಿಂದ ಬಂದದ್ದು. ಕೆಲವು ಹಳೆಯ ಅಭಿಮಾನಿಗಳು ಇದಕ್ಕೆ ಬಹಳ ನೊಂದುಕೊಂಡರು. ನಾಟಕೀಯತೆಗೆ ಒಳ್ಳೆಯದಾಯಿತು ಎಂದರು ಬೇರೆಯವರು. ಅಮೆಜಾನರ ದಾಸ್ಯದ ಮಾತು ಚಿತ್ರದಲ್ಲಿ ಮಲಗುವ ಹೊತ್ತಿನ ಕತೆಯಾಗಿ ಬಂದು ಹೋಗುತ್ತದೆ, ಕಡಗಕ್ಕೂ ಅದಕ್ಕೂ ನಂಟು ಉಳಿದಿಲ್ಲ. ಕಡಗ ಈಗ ಬರೀ ಶಕ್ತಿ. ನೋವಿನ ಗುರುತು ಅಳಿಸಿ ಶಕ್ತಿಯನ್ನು ಉಳಿಸಿಕೊಳ್ಳುವ ಈ ಕೈಚಳಕವನ್ನು ನೆನಪಿಟ್ಟುಕೊಳ್ಳಿ. ಇದನ್ನೇ ಇನ್ನೊಂದು ಕಡೆ ತೋರಿಸಬೇಕಾಗಿದೆ.

ಇದೇನು ಹೊರದೇಶದ ರೋಗವಲ್ಲ. ನಮ್ಮ ಜಿಲ್ಲೆಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಅಕ್ಕಮಹಾದೇವಿಯ ಕತೆಯನ್ನೇ ನೋಡಿ. ಅಕ್ಕ ಕೌಶಿಕ ರಾಜನನ್ನು ಮದುವೆಯಾದಳು, ಕರಾರು ಹಾಕಿದಳು, ಅವನು ಕರಾರು ಮುರಿದಾಗ ಎದ್ದು ಹೊರಟಳು ಎಂದು ಹರಿಹರ ತನ್ನ ರಗಳೆಯಲ್ಲಿ ಹೇಳಿದ. ಹದಿನೈದನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯನ್ನೇ ಒಪ್ಪಲಿಲ್ಲ. ಇಂದಿಗೂ ವಿದ್ವಾಂಸರು, ಭಕ್ತರು ಎರಡು ಪಕ್ಷ. ಮದುವೆಯಾಗಿರಲಿಲ್ಲ ಎಂದರೆ ಅಕ್ಕನ ಪಾವಿತ್ರ್ಯ ಉಳಿಯಿತು ಎಂಬ ಸಮಾಧಾನ ಹಲವರಿಗೆ. ಚರಿತ್ರೆಯ ನಿಜ ಏನೇ ಇರಲಿ, ನಾನು ತರಗತಿಯಲ್ಲಿ ಹರಿಹರನನ್ನೇ ಹೆಚ್ಚು ಹೊತ್ತು ಓದಿಸುತ್ತಿದ್ದೆ. ಗಂಡನ ಮನೆಯ ಹೊಸ್ತಿಲು ದಾಟಿ ಹೊರಬಂದವಳೊಬ್ಬಳು ಪಠ್ಯಪುಸ್ತಕದಲ್ಲಿ ಸಿಕ್ಕಾಗ, ಮೂರನೆಯ ಬೆಂಚಿನಲ್ಲಿ ಕೂತ ಹುಡುಗಿ ತಲೆಯೆತ್ತಿ ನೋಡುತ್ತಿದ್ದಳು. ಕತೆಯಿಂದ ಗಂಡನನ್ನು ತೆಗೆದರೆ ಹೊಸ್ತಿಲೂ ಹೋಗುತ್ತದೆ.

ಈಗ ಆ ಮಲಯಾಳದ ಚಿತ್ರಕ್ಕೆ ಬರೋಣ. ಅದರ ನಾಯಕಿ ಚಂದ್ರ ನಿಜಕ್ಕೂ ನೂರಾರು ವರ್ಷ ಬದುಕಿರುವ ‘ಕಳ್ಳಿಯಂಗಾಟು ನೀಲಿ’. ಕೇರಳದ ತೆಂಕಣ ಭಾಗ, ಕನ್ಯಾಕುಮಾರಿ ಸೀಮೆಯಲ್ಲಿ ಹಾಡಿಕೊಂಡು ಬಂದ ಯಕ್ಷಿಯ ಕತೆ ಅದು. ತಮಿಳುನಾಡಿನಲ್ಲಿ ಪಳೈಯನೂರು ನೀಲಿ ಎಂದು ಇದೇ ಕತೆಯ ಇನ್ನೊಂದು ಕವಲಿದೆ. ಪಾಠಾಂತರಗಳು ಹಲವು. ನಾನು ತಿಳಿದುಕೊಂಡದ್ದು ಹೀಗೆ:

ಅಲ್ಲಿ ಎಂಬವಳು ದೇವದಾಸಿಯ ಮಗಳು. ನಂಬಿ ಎಂಬ ಗುಡಿಯ ಪೂಜಾರಿ ಅವಳನ್ನು ಕೂಡಿಕೊಂಡ, ಇದ್ದದ್ದನ್ನೆಲ್ಲ ಕಳೆದುಕೊಂಡ. ಅವಳ ತಾಯಿ ಅವನನ್ನು ಹೊರಗೆ ಹಾಕಿದಳು. ಇವಳು ಬಸುರಿ, ಮೈಮೇಲಿನ ಒಡವೆಯೊಡನೆ ಅವನ ಹಿಂದೆಯೇ ಹೊರಟಳು. ಕಳ್ಳಿ ಬೆಳೆದ ಕಾಡಿನಲ್ಲಿ ದಣಿದು, ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅವನು ಅವಳ ತಲೆಯ ಮೇಲೆ ಕಲ್ಲು ಹಾಕಿ ಕೊಂದ, ಒಡವೆ ಬಿಚ್ಚಿಕೊಂಡು ಹೋದ. ನೋಡಿದವರು ಯಾರೂ ಇಲ್ಲ, ಕಳ್ಳಿಗಿಡದ ಹೊರತು. ಮರುಹುಟ್ಟಿನಲ್ಲಿ ಅವನು ವ್ಯಾಪಾರಿಯಾದ, ಅವಳು ನೀಲಿಯಾದಳು. ಕಳ್ಳಿಯ ಒಂದು ಕೊಂಬೆ ಮುರಿದು ಅದನ್ನೇ ಕೂಸು ಮಾಡಿ ಸೊಂಟದಲ್ಲಿ ಎತ್ತಿಕೊಂಡು ಊರ ಹಿರಿಯರ ಮುಂದೆ ನಿಂತಳು. ‘ಇವ ನನ್ನ ಗಂಡ, ನನ್ನನ್ನು ಬಿಟ್ಟು ಓಡುತ್ತಿದ್ದಾನೆ’ ಎಂದಳು. ಅವನು, ಇವಳು ಹೆಂಗಸಲ್ಲ, ನನ್ನನ್ನು ಕೊಲ್ಲಲು ಬಂದವಳು ಎಂದು ಕೂಗಿಕೊಂಡ. ಎಪ್ಪತ್ತು ಜನ ಹಿರಿಯರು ಅವಳ ಮಾತನ್ನು ನಂಬಿದರು, ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸಿದರು, ಅವನಿಗೆ ಏನಾದರೂ ಆದರೆ ತಮ್ಮ ಜೀವ ಹೊಣೆ ಎಂದರು. ಬೆಳಗಾದರೆ ಅವನ ಹೆಣ. ಕೊಟ್ಟ ಮಾತಿಗೆ ಆ ಎಪ್ಪತ್ತು ಜನರೂ ಪ್ರಾಣ ಬಿಟ್ಟರು.

ಇದನ್ನು ಇಷ್ಟು ಕಾಲವೂ ರಾಕ್ಷಸಿ ಹೆಣ್ಣಿನ ವಂಚನೆಯ ಕತೆ ಎಂದೇ ಹೇಳಿಕೊಂಡು ಬಂದರು. ನಿಮಗೆ ಏನು ಕೇಳಿಸಿತು? ನನಗೆ ಕೇಳಿಸಿದ್ದು, ಒಡವೆಗಾಗಿ ಗಂಡನಿಂದ ಸತ್ತ ಬಸುರಿಯೊಬ್ಬಳು ನ್ಯಾಯಕ್ಕೆ ನಿಂತ ಕತೆ. ಬದುಕಿದ್ದಾಗ ಅವಳ ಮಾತಿಗೆ ಊರಿನಲ್ಲಿ ಬೆಲೆಯಿರಲಿಲ್ಲ. ಊರು ನಂಬಬೇಕಾದರೆ ಅವಳು ಸತ್ತು ಬರಬೇಕಾಯಿತು.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಕೊಟ್ಟಾರತ್ತಿಲ್ ಶಂಕುಣ್ಣಿಯವರು 1909ರಿಂದ ಪ್ರಕಟಿಸಿದ ‘ಐತಿಹ್ಯಮಾಲೆ’ಯಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಮಾಂತ್ರಿಕ ಪಾದ್ರಿ ಯಕ್ಷಿಯೊಬ್ಬಳ ತಲೆಗೆ ಕಬ್ಬಿಣದ ಮೊಳೆ ಹೊಡೆದು ಅವಳನ್ನು ಮನೆಗೆಲಸದ ಹೆಂಗಸಾಗಿ ಮಾಡಿಕೊಳ್ಳುತ್ತಾನೆ. ಜನರ ಬಾಯಲ್ಲಿ ಅದೂ ನೀಲಿಯದೇ ಕತೆಯಾಯಿತು. ಒಂದು ದಿನ ಮುದುಕಿಯೊಬ್ಬಳು ಅವಳ ತಲೆ ಬಾಚುತ್ತ ಮೊಳೆಯನ್ನು ಕಂಡು, ಅಯ್ಯೋ ಎಂದು ಕಿತ್ತು ಹಾಕುತ್ತಾಳೆ. ಯಕ್ಷಿ ಬಿಡುಗಡೆಯಾಗುತ್ತಾಳೆ. ಹೇನು ನೋಡಿಸಿಕೊಳ್ಳುತ್ತ, ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಾಗಲೇ ಹೆಂಗಸರು ಹೆಂಗಸರ ಗಾಯ ಕಾಣುವುದು. ನಮ್ಮ ಸಂಘಕ್ಕೆ ಬಂದ ಎಷ್ಟೋ ದೂರುಗಳು ಮೊದಲು ತಿಳಿದದ್ದು ಹಾಗೆಯೇ.

ಹೊಸ ಚಿತ್ರದಲ್ಲಿ ಏನಾಯಿತು? ನೀಲಿ ಕಾಡಿನ ಬುಡಕಟ್ಟಿನ ಹುಡುಗಿಯಾಗಿದ್ದಾಳೆ. ಅವಳ ಜನರಿಗೆ ಗುಡಿಯ ಪ್ರವೇಶವಿಲ್ಲ. ರಾಜನ ಕಡೆಯವರು ಅವರನ್ನು ಕೊಲ್ಲುತ್ತಾರೆ. ಗುಹೆಯೊಂದರಲ್ಲಿ ಬಾವಲಿಗಳಿಂದ ಅವಳಿಗೆ ಶಕ್ತಿ ಬರುತ್ತದೆ. ಕತ್ತನಾರ್ ಅವಳಿಗೆ ಮೊಳೆ ಹೊಡೆಯುವುದಿಲ್ಲ, ಜೊತೆಗಾರನಾಗುತ್ತಾನೆ. ಬಹಳ ಜನ ಇದನ್ನು ಮೆಚ್ಚಿದರು. ರಾಕ್ಷಸಿಯಾಗಿದ್ದವಳು ವೀರಳಾದಳು, ಜಾತಿಯ ಕ್ರೌರ್ಯವನ್ನು ತೋರಿಸಿದರು ಎಂದರು. ಈ ಮೆಚ್ಚಿಗೆ ಸುಳ್ಳಲ್ಲ. ಮೊಳೆ ತೆಗೆದುಹಾಕಿದ್ದಕ್ಕೆ ನಾನೂ ಸಂತೋಷಪಟ್ಟೆ. ಐತಿಹ್ಯವನ್ನು ಕೆಡಿಸಿದರು, ಪರದೇಶದ ರಕ್ತ ಕುಡಿಯುವ ಭೂತದ ಕತೆ ತಂದು ನಮ್ಮ ಯಕ್ಷಿಗೆ ಅಂಟಿಸಿದರು ಎಂದು ಗೊಣಗಿದವರಿದ್ದಾರೆ. ಅವರ ಶುದ್ಧ ಕತೆಯ ಹಟ ನನಗೆ ಬೇಕಿಲ್ಲ. ಕತೆ ಎಂದರೆ ಬದಲಾಗುತ್ತಲೇ ಬಂದದ್ದು.

ನನ್ನ ತಕರಾರು ಒಂದೇ. ಕೊಂದವನು ಗಂಡನಾಗಿದ್ದ, ಈಗ ರಾಜನಾಗಿದ್ದಾನೆ. ಕೊಂದ ಜಾಗ ತೊಡೆಯ ಮೇಲೆ ತಲೆಯಿಟ್ಟ ನಂಬಿಗೆಯ ಜಾಗವಾಗಿತ್ತು, ಈಗ ಹೊರಗಿನ ಬಯಲಾಗಿದೆ. ಒಡವೆ ಕಾಣೆಯಾಗಿದೆ. ಕಳ್ಳಿಯೂ ಕಾಣೆ. ರಾಜನನ್ನು ದ್ವೇಷಿಸುವುದು ಸುಲಭ, ಇಡೀ ಚಿತ್ರಮಂದಿರ ಚಪ್ಪಾಳೆ ತಟ್ಟುತ್ತದೆ. ಗಂಡನನ್ನು ಖಳ ಮಾಡಿದ್ದರೆ ಅರ್ಧ ಚಿತ್ರಮಂದಿರ ಇರುಸುಮುರುಸಾಗಿ ಕೂರುತ್ತಿತ್ತು. ಬೆಂಗಳೂರಿನ ಮರ್ಯಾದೆಗೆ ಅಷ್ಟು ಜನ ಎದ್ದರು, ಐತಿಹ್ಯದ ಮರ್ಯಾದೆಗೆ ಇಷ್ಟು ಜನ ಎದ್ದರು. ಅಲ್ಲಿಯ ಒಡವೆ ಎಲ್ಲಿ ಹೋಯಿತು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ನನಗೆ ಇದು ಯಾಕಿಷ್ಟು ಹತ್ತಿತು ಎಂದು ಹೇಳಬೇಕು. 1990ರ ದಶಕದಲ್ಲಿ ನನ್ನ ಬಿ.ಎ. ತರಗತಿಯಲ್ಲೊಬ್ಬಳಿದ್ದಳು. ಎರಡನೆಯ ವರ್ಷದಲ್ಲಿ ಓದು ಬಿಡಿಸಿ ಮದುವೆ ಮಾಡಿದರು. ಹದಿನಾಲ್ಕು ತಿಂಗಳಾದ ಮೇಲೆ ಸ್ಟೌ ಸಿಡಿಯಿತು ಎಂದು ಸುದ್ದಿ ಬಂತು. ನಾನು ಆಸ್ಪತ್ರೆಗೆ ಹೋದೆ. ಮುಖ ಗುರುತು ಸಿಗುವಂತಿತ್ತು, ಕೈಯಲ್ಲಿ ಬಳೆಯಿರಲಿಲ್ಲ. ಅತ್ತೆ ಮಂಚದ ತಲೆಯ ಕಡೆ, ಗಂಡ ಕಾಲಿನ ಕಡೆ ನಿಂತಿದ್ದರು. ಹೇಳಿಕೆ ಬರೆದುಕೊಳ್ಳಲು ಬಂದವರು ಅವರನ್ನು ಹೊರಗೆ ಕಳಿಸಲಿಲ್ಲ. ‘ಸ್ಟೌ ಸಿಡೀತ್ರಿ’ ಎಂದಳು. ಬರೆದುಕೊಂಡರು. ಅವರೆಲ್ಲ ಚಹಾಕ್ಕೆ ಹೋದ ಹೊತ್ತಿನಲ್ಲಿ ನನ್ನ ಕಡೆ ನೋಡಿ, ‘ಮೇಡಂ, ಮನ್ಯಾಗ ಸ್ಟೌ ಎಲ್ಲೈತ್ರಿ, ಗ್ಯಾಸ್ ಐತಿ’ ಎಂದಳು. ಮರುದಿನ ತೀರಿಕೊಂಡಳು. ನಾನು ಕೇಳಿದ್ದನ್ನು ಪೊಲೀಸರಿಗೆ ಬರೆದುಕೊಟ್ಟೆ, ಕೋರ್ಟಿನಲ್ಲೂ ಹೇಳಿದೆ. ಅವಳು ಅಧಿಕಾರಿಗಳ ಮುಂದೆ ಹೇಳಿದ್ದೇ ಬೇರೆ ಎಂದು ನನ್ನ ಮಾತು ನಿಲ್ಲಲಿಲ್ಲ. ಅವಳ ತಾಯಿಯಂತೂ, ಹದಿನಾಲ್ಕು ತೊಲೆಯ ಚೀಟಿ ಹಿಡಿದುಕೊಂಡು ಎರಡು ವರ್ಷ ಅಲೆದಳು.

ಇದಕ್ಕೇ ನಾನು ಆ ಹಗ್ಗದ ಬಗ್ಗೆ, ಈ ಕಳ್ಳಿಯ ಬಗ್ಗೆ ಇಷ್ಟು ಯೋಚಿಸಿದ್ದು. ಮನೆಯೊಳಗಿನ ಕೊಲೆಗೆ ಸಾಕ್ಷಿ ಇರುವುದಿಲ್ಲ. ಇದ್ದವರೆಲ್ಲ ಆ ಮನೆಯವರೇ. ನಮ್ಮ ಚಳವಳಿ ಬೀದಿಗಿಳಿದು ಪಡೆದ ಕಾನೂನುಗಳೆಲ್ಲ ಈ ಒಂದು ಗೋಡೆಯನ್ನು ಒಡೆಯಲು ಪಡೆದವು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಸಾಲದಾಯಿತು. 1983ರಲ್ಲಿ 498-ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304-ಬಿ ಬಂತು. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಅಥವಾ ಬೇರೆ ಅಸಹಜ ರೀತಿಯಲ್ಲಿ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತು ಎಂದು ತೋರಿಸಿದರೆ, ಅದು ವರದಕ್ಷಿಣೆ ಸಾವೇ ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಭಾರ ಗಂಡನ ಕಡೆಯವರದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಅದರಲ್ಲಿ ವರದಕ್ಷಿಣೆ ಸಾವು 80ನೆಯ ಕಲಮು, ಕ್ರೌರ್ಯ 85 ಮತ್ತು 86. ಹೊಸ ಅಂಕಿ ಬರೆದಿಟ್ಟುಕೊಳ್ಳಿ, ಠಾಣೆಯಲ್ಲಿ ಹಳೆಯದು ಹೇಳಿದರೆ ‘ಅದು ಈಗ ಇಲ್ಲ’ ಎಂದು ಹಿಂದಕ್ಕೆ ಕಳಿಸುವವರಿದ್ದಾರೆ. ಇಷ್ಟಾದರೂ 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಸ್ಟೌ ಸಿಡಿತ ಎಂದು ಬರೆದು ಮುಚ್ಚಿದವು ಆ ಲೆಕ್ಕದಲ್ಲಿಲ್ಲ.

ಹಾಗಾಗಿ ಹುಡುಗಿಯರೇ, ನಿಮ್ಮ ಜಗಳ ಬಿಡಿ ಎಂದು ನಾನು ಹೇಳುವುದಿಲ್ಲ. ಇನ್ನೂ ಜೋರಾಗಿ ಆಡಿ. ಚಡ್ಡಿ ಗಿಡ್ಡವೋ ಉದ್ದವೋ ಎಂಬುದನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತು ಇದನ್ನು ಕೇಳಿ: ಇವಳಿಗೆ ಮೊದಲು ನೋವು ಕೊಟ್ಟವನು ಯಾರು, ಚಿತ್ರದಲ್ಲಿ ಅವನು ಇದ್ದಾನೆಯೇ?

‘ಲೋಕಃ’ ಮುಂದಿನ ಭಾಗಗಳೂ ಬರುತ್ತವಂತೆ. ಅಷ್ಟರವರೆಗೆ ನಾವು ಕಾಯಬೇಕಾಗಿಲ್ಲ. ನಿನ್ನೆ ಸಂಜೆ ಇಲ್ಲಿನ ಆರೇಳು ಹುಡುಗಿಯರಿಗೆ ಅಲ್ಲಿಯ ಕತೆ ಹೇಳಿದೆ. ಬರುವ ಮಹಿಳಾ ದಿನಕ್ಕೆ ಇದನ್ನೇ ಬೀದಿನಾಟಕ ಮಾಡೋಣ ಎಂದರು. ತಕ್ಷಣ ಜಗಳ ಶುರುವಾಯಿತು. ಎಪ್ಪತ್ತು ಹಿರಿಯರು ಸಾಯಬೇಕೇ ಬೇಡವೇ ಎಂದು ಒಂದು ಸುತ್ತು. ಅವಳ ಮಾತು ನಂಬಿದವರನ್ನೇ ಸಾಯಿಸಿದರೆ ನಾಳೆ ಯಾರು ನಂಬುತ್ತಾರೆ ಎಂದಳು ಒಬ್ಬಳು. ಸಾಯಲೇಬೇಕು, ಇಲ್ಲದಿದ್ದರೆ ಮಾತಿನ ಬೆಲೆ ಏನು ಎಂದಳು ಇನ್ನೊಬ್ಬಳು. ಆಮೇಲೆ ಪಾತ್ರಗಳ ಸುತ್ತು. ನೀಲಿಯ ಪಾತ್ರಕ್ಕೆ ಇಬ್ಬರು ಕೈಯೆತ್ತಿದರು, ನಂಬಿಯ ಪಾತ್ರಕ್ಕೆ ಯಾರೂ ಇಲ್ಲ. ಆದರೆ ಕಳ್ಳಿಯ ಪಾತ್ರಕ್ಕೆ ನಾಲ್ವರು ಹಟ ಹಿಡಿದು ಕೂತಿದ್ದಾರೆ. ಹೊನವಾಡದ ಬದುಗಳಲ್ಲಿ ಕಳ್ಳಿಗೇನು ಕೊರತೆ, ನಾಲ್ವರೂ ನಿಲ್ಲಿ ಎಂದು ಹೇಳಿ ಬಂದಿದ್ದೇನೆ. ಕಳ್ಳಿ ಏನು ಮಾತಾಡಬೇಕು ಎಂಬುದನ್ನು ಅವರೇ ಬರೆಯುತ್ತಿದ್ದಾರೆ.